ವಿದೇಶದಲ್ಲಿ ವಿಜ್ಞಾನದ ಪಿಎಚ್‌ಡಿ: ಅರ್ಜಿ, ಖರ್ಚು, ಮನೆಯವರು ತಿಳಿದಿರಬೇಕಾದ ವಿಷಯಗಳು

ಎಂ.ಎಸ್ಸಿ. ಓದುತ್ತಿರುವ ಮಗ ಅಥವಾ ಮಗಳು ಅಮೆರಿಕಾದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುತ್ತೇನೆ ಎಂದಾಗ ನಮ್ಮ ಸಮಾಜದ ಹೆಚ್ಚಿನ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ "ಎಷ್ಟು ಲಕ್ಷ ಬೇಕು?" ಎಂಬುದು. ಎರಡನೆಯದು, ತೋಟ ಅಡವಿಡಬೇಕೋ ಅಂಗಡಿಯ ಮೇಲೆ ಸಾಲ ತೆಗೆಯಬೇಕೋ ಎಂಬುದು. ಎಂಜಿನಿಯರಿಂಗ್ ಮುಗಿಸಿದ ನೆಂಟರ ಹುಡುಗ ಎಂ.ಎಸ್.ಗೆ ಹೋದಾಗ ಆದ ಖರ್ಚು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಪಿಎಚ್‌ಡಿ ಅದಕ್ಕಿಂತ ದೊಡ್ಡ ಓದು, ಹಾಗಾಗಿ ಖರ್ಚೂ ಅದಕ್ಕಿಂತ ದೊಡ್ಡದೇ ಇರಬೇಕು ಎಂದು ಲೆಕ್ಕ ಹಾಕಿ, ಅಲ್ಲಿಗೇ ಮಾತು ನಿಲ್ಲಿಸಿಬಿಡುತ್ತಾರೆ. ಮಗು ಊರಿನ ಹತ್ತಿರದ ಯಾವುದೋ ಕೆಲಸಕ್ಕೆ ಸೇರುತ್ತದೆ.

ಈ ಲೆಕ್ಕ ತಲೆಕೆಳಗಾಗಿದೆ. ಅಮೆರಿಕಾದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಮುಂತಾದ ಮೂಲ ವಿಜ್ಞಾನಗಳ ಪಿಎಚ್‌ಡಿಗೆ ಆಯ್ಕೆಯಾದ ವಿದ್ಯಾರ್ಥಿ ಸಾಮಾನ್ಯವಾಗಿ ಶುಲ್ಕ ಕಟ್ಟುವುದಿಲ್ಲ. ಶುಲ್ಕವನ್ನು ವಿಶ್ವವಿದ್ಯಾಲಯವೇ ಮನ್ನಾ ಮಾಡಿ, ಮೇಲಿಂದ ತಿಂಗಳಿಗೆ ಇಷ್ಟು ಎಂದು ವೇತನ ಕೊಡುತ್ತದೆ, ಆರೋಗ್ಯ ವಿಮೆಯನ್ನೂ ಬಹುಪಾಲು ಕೊಡುತ್ತದೆ. ಅದಕ್ಕೆ ಬದಲಾಗಿ ವಿದ್ಯಾರ್ಥಿ ಕೆಳಗಿನ ತರಗತಿಗಳಿಗೆ ಪಾಠ ಅಥವಾ ಲ್ಯಾಬ್ ನೋಡಿಕೊಳ್ಳಬೇಕು, ಇಲ್ಲವೇ ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಕೆಲಸ ಮಾಡಬೇಕು. ಮೊದಲನೆಯದಕ್ಕೆ ಟೀಚಿಂಗ್ ಅಸಿಸ್ಟೆಂಟ್, ಎರಡನೆಯದಕ್ಕೆ ರಿಸರ್ಚ್ ಅಸಿಸ್ಟೆಂಟ್ ಎನ್ನುತ್ತಾರೆ. ಈ ಕೆಲಸಕ್ಕೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಯ ಮಿತಿ ಇದೆ.

ನಾನು ವಿಜ್ಞಾನ ಓದಿದವನಲ್ಲ, ಪಿಯುಸಿ ಮುಗಿಸಿ ಅಂಗಡಿಯಲ್ಲಿ ಕುಳಿತವನು. ಸಮಾಜದ ಮಕ್ಕಳ ಅರ್ಜಿ, ವಿದ್ಯಾರ್ಥಿವೇತನದ ಕಾಗದಪತ್ರ ನೋಡಿಕೊಳ್ಳುವ ಸೇವೆಯಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಮನೆಯವರು ಕೇಳುವ ಪ್ರಶ್ನೆಗಳು ಪ್ರತಿ ವರ್ಷ ಅವೇ ಆದ್ದರಿಂದ ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

ಎಂ.ಎಸ್. ಬೇರೆ, ಪಿಎಚ್‌ಡಿ ಬೇರೆ

ಎಂ.ಎಸ್. ಎಂದರೆ ಒಂದೂವರೆ, ಎರಡು ವರ್ಷದ ಓದು. ಇದಕ್ಕೆ ಹೆಚ್ಚಾಗಿ ಹಣ ನಾವೇ ಹಾಕಬೇಕು. ಶುಲ್ಕ, ಊಟ, ವಸತಿ ಸೇರಿ ವರ್ಷಕ್ಕೆ 40 ಸಾವಿರ ಡಾಲರ್ ಎಂದು ಕಡಿಮೆಗೇ ಹಿಡಿಯೋಣ. ಎರಡು ವರ್ಷಕ್ಕೆ 80 ಸಾವಿರ ಡಾಲರ್ ಆಯಿತು. ಡಾಲರಿಗೆ 90 ರೂಪಾಯಿ ಹಿಡಿದರೆ 72 ಲಕ್ಷ. ಅಷ್ಟನ್ನೂ ಶೇಕಡಾ 10ರ ಬಡ್ಡಿಗೆ ಸಾಲ ತಂದರೆ ಬಡ್ಡಿಯೇ ತಿಂಗಳಿಗೆ 60 ಸಾವಿರ. ಕಂಪ್ಯೂಟರ್ ಓದಿದವರಿಗೆ ಕೆಲಸ ಸಿಕ್ಕರೆ ಈ ಸಾಲ ತೀರಬಹುದು. ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಬರೀ ಎಂ.ಎಸ್. ಮಾಡಿಕೊಂಡು ಈ ಸಾಲ ತೀರಿಸುವುದು ಬಹಳ ಕಷ್ಟ.

ಪಿಎಚ್‌ಡಿ ಐದಾರು ವರ್ಷದ ಕೆಲಸ. ಹೌದು, ಕೆಲಸ ಎಂದೇ ಬರೆಯುತ್ತಿದ್ದೇನೆ. ಮೊದಲ ಒಂದೆರಡು ವರ್ಷ ಪಾಠ, ಆಮೇಲೆ ಒಂದು ಅರ್ಹತಾ ಪರೀಕ್ಷೆ, ನಂತರ ಪೂರ್ತಿ ಸಂಶೋಧನೆ. ಇಷ್ಟೂ ವರ್ಷ ವೇತನ ಬರುತ್ತದೆ. ಊರು, ವಿಶ್ವವಿದ್ಯಾಲಯ ನೋಡಿಕೊಂಡು ವರ್ಷಕ್ಕೆ 25 ಸಾವಿರ ಡಾಲರಿನಿಂದ 45 ಸಾವಿರ, ಕೆಲವೆಡೆ ಅದಕ್ಕಿಂತಲೂ ಹೆಚ್ಚು. ಇದರಿಂದ ಮನೆಗೆ ಹಣ ಕಳುಹಿಸಲು ಆಗುತ್ತದೆ ಎಂದು ಯಾರೂ ತಿಳಿಯಬೇಡಿ. ಒಬ್ಬರ ಬಾಡಿಗೆ, ಊಟ, ಬಸ್ಸಿಗೆ ಸರಿಹೋಗುವ ಮೊತ್ತ ಅದು. ಆದರೆ ಮನೆಯಿಂದ ಕಳುಹಿಸಬೇಕಾದ ಅಗತ್ಯವೂ ಇರುವುದಿಲ್ಲ.

ಎಂ.ಎಸ್ಸಿ. ಮುಗಿಸಿದ ಮಗುವಿಗೆ ಮತ್ತೆ ಅಲ್ಲಿ ಎಂ.ಎಸ್. ಮಾಡಿಸುವ ಮನೆಗಳಿವೆ. ಕನ್ಸಲ್ಟೆನ್ಸಿಯವರು ಅದನ್ನೇ ಹೇಳುತ್ತಾರೆ, ಏಕೆಂದರೆ ಶುಲ್ಕ ಕಟ್ಟುವ ವಿದ್ಯಾರ್ಥಿಯನ್ನು ಕಳುಹಿಸಿದರೆ ಅವರಿಗೆ ಹಲವು ಕಡೆ ಕಮಿಷನ್ ಸಿಗುತ್ತದೆ. ವೇತನ ಪಡೆಯುವ ವಿದ್ಯಾರ್ಥಿಯ ಮೇಲೆ ಯಾರೂ ಕಮಿಷನ್ ಕೊಡುವುದಿಲ್ಲ. ದಲ್ಲಾಳಿ ಯಾವ ಮಾಲು ಹೊಗಳುತ್ತಾನೆ ಎಂಬುದು ವ್ಯಾಪಾರಸ್ಥರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮೆರಿಕಾದ ಪಿಎಚ್‌ಡಿಗೆ ಎಂ.ಎಸ್. ಆಗಿರಲೇಬೇಕು ಎಂಬ ನಿಯಮ ಹೆಚ್ಚಿನ ಕಡೆ ಇಲ್ಲ, ಪದವಿಯ ನಂತರ ನೇರವಾಗಿಯೂ ತೆಗೆದುಕೊಳ್ಳುತ್ತಾರೆ.

ಇಲ್ಲಿ ನಮ್ಮ ರಾಜ್ಯದವರಿಗೆ ಒಂದು ತೊಡಕಿದೆ. ಅಮೆರಿಕಾದ ಪದವಿ ನಾಲ್ಕು ವರ್ಷದ್ದು, ನಮ್ಮ ಬಿ.ಎಸ್ಸಿ. ಮೂರು ವರ್ಷದ್ದು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಮೂರು ವರ್ಷದ ಪದವಿಯನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಹಲವು ಒಪ್ಪುವುದಿಲ್ಲ. ಆದ್ದರಿಂದ ನಮ್ಮ ಬಿ.ಎಸ್ಸಿ. ಮಕ್ಕಳಿಗೆ ಸರಿಯಾದ ಹೊತ್ತು ಎಂ.ಎಸ್ಸಿ. ಎರಡನೆಯ ವರ್ಷ. ಆಗ ಅರ್ಜಿ ಹಾಕಿದರೆ ಎಂ.ಎಸ್ಸಿ. ಮುಗಿಯುವಷ್ಟರಲ್ಲಿ ಫಲಿತಾಂಶ ತಿಳಿದಿರುತ್ತದೆ. ಬಿ.ಇ. ಅಥವಾ ನಾಲ್ಕು ವರ್ಷದ ಬಿ.ಎಸ್. ಓದಿದವರಿಗೆ ಈ ತೊಡಕಿಲ್ಲ.

ಅರ್ಜಿಯ ತಿಂಗಳುಗಳು

ಅಲ್ಲಿ ಪಾಠ ಶುರುವಾಗುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ. ಅದಕ್ಕೆ ಅರ್ಜಿಯ ಕೊನೆಯ ದಿನ ಹಿಂದಿನ ಡಿಸೆಂಬರ್, ಕೆಲವೆಡೆ ಜನವರಿ. ಜೂನ್‌ನಲ್ಲಿ ಎಂ.ಎಸ್ಸಿ. ಫಲಿತಾಂಶ ಬಂದ ಮೇಲೆ ವಿಚಾರಿಸಲು ಹೊರಟರೆ ಒಂದು ವರ್ಷ ಹೋಯಿತು ಎಂದೇ ಅರ್ಥ. ಪಿಯುಸಿ ಆದ ಮೇಲೆ ಕೌನ್ಸೆಲಿಂಗ್‌ಗೆ ಹೋಗಿ ಅಭ್ಯಾಸವಾದ ನಮಗೆ ಈ ಕ್ರಮ ವಿಚಿತ್ರ ಅನಿಸುತ್ತದೆ. ಅಂಕಪಟ್ಟಿ ಕೈಗೆ ಬರುವ ಮೊದಲೇ ಅಲ್ಲಿ ಆಯ್ಕೆ ಮುಗಿದಿರುತ್ತದೆ.

ಹಾಗಾಗಿ ಜೂನ್, ಜುಲೈನಲ್ಲಿ ವಿಶ್ವವಿದ್ಯಾಲಯಗಳ ಪಟ್ಟಿ ಮಾಡಬೇಕು. ಆಗಸ್ಟ್, ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಟೋಫೆಲ್ ಅಥವಾ ಐಇಎಲ್‌ಟಿಎಸ್, ಎರಡರಲ್ಲಿ ಒಂದು ಸಾಕು. ಅವುಗಳ ಅಂಕ ಎರಡು ವರ್ಷ ನಡೆಯುತ್ತದೆ. ಜಿಆರ್‌ಇ ಪರೀಕ್ಷೆ ಹಿಂದೆ ಎಲ್ಲರಿಗೂ ಕಡ್ಡಾಯವಿತ್ತು. ಈಗ ವಿಜ್ಞಾನದ ಅನೇಕ ವಿಭಾಗಗಳು ಅದನ್ನು ಕೇಳುವುದೇ ಇಲ್ಲ, ಕೆಲವು ಕೊಟ್ಟರೆ ನೋಡುತ್ತೇವೆ ಎನ್ನುತ್ತವೆ. ಇದಕ್ಕೆ ಶುಲ್ಕವೇ 20 ಸಾವಿರ ದಾಟುತ್ತದೆ. ತಮ್ಮ ಪಟ್ಟಿಯಲ್ಲಿರುವ ವಿಭಾಗಗಳು ಕೇಳುತ್ತವೆಯೇ ಎಂದು ನೋಡಿಕೊಂಡು ಆಮೇಲೆ ಕೋಚಿಂಗ್ ಸೇರಲಿ. ಪಕ್ಕದ ಮನೆಯವನು ಬರೆದ ಎಂದು ಬರೆಯುವ ಪರೀಕ್ಷೆ ಇದಲ್ಲ.

ಅಕ್ಟೋಬರ್, ನವೆಂಬರಿನಲ್ಲಿ ಬರವಣಿಗೆ ಮತ್ತು ಶಿಫಾರಸು ಪತ್ರಗಳು, ಡಿಸೆಂಬರಿನಲ್ಲಿ ಅರ್ಜಿ. ಜನವರಿ, ಫೆಬ್ರವರಿಯಲ್ಲಿ ಕೆಲವು ವಿಭಾಗಗಳು ವಿಡಿಯೋ ಮೂಲಕ ಸಂದರ್ಶನ ಮಾಡುತ್ತವೆ. ಫೆಬ್ರವರಿಯಿಂದ ಮಾರ್ಚ್‌ವರೆಗೆ ಉತ್ತರ ಬರುತ್ತದೆ.

ಒಂದೊಂದು ಅರ್ಜಿಗೂ 75ರಿಂದ 150 ಡಾಲರ್ ಶುಲ್ಕವಿದೆ. ಸರಾಸರಿ 100 ಎಂದುಕೊಂಡರೆ ಎಂಟು ಅರ್ಜಿಗೆ ಸುಮಾರು 72 ಸಾವಿರ ರೂಪಾಯಿ. ಆಯ್ಕೆಯಾಗದಿದ್ದರೆ ಈ ಹಣ ಹಿಂದೆ ಬರುವುದಿಲ್ಲ. ಇಡೀ ವ್ಯವಹಾರದಲ್ಲಿ ಮನೆಯವರು ನಷ್ಟಕ್ಕೆ ಸಿದ್ಧರಾಗಿರಬೇಕಾದ ಹಣ ಮುಖ್ಯವಾಗಿ ಇದು ಮತ್ತು ಪರೀಕ್ಷಾ ಶುಲ್ಕ. ಕೆಲವು ವಿಶ್ವವಿದ್ಯಾಲಯಗಳು ಕೇಳಿದರೆ ಅರ್ಜಿ ಶುಲ್ಕ ಮನ್ನಾ ಮಾಡುತ್ತವೆ. ವಿದೇಶದವರಿಗೆ ಮಾಡದವೂ ಇವೆ. ವಿಭಾಗದ ಕಚೇರಿಗೆ ಒಂದು ಇಮೇಲ್ ಬರೆದು ಕೇಳುವುದರಲ್ಲಿ ಸಂಕೋಚ ಬೇಡ.

ಮೂರು ಪತ್ರಗಳು

ನಮ್ಮ ಮಕ್ಕಳ ಅರ್ಜಿ ಹೆಚ್ಚಾಗಿ ಸೋಲುವುದು ಅಂಕದಲ್ಲಿ ಅಲ್ಲ, ಶಿಫಾರಸು ಪತ್ರದಲ್ಲಿ. ಪ್ರತಿ ಅರ್ಜಿಗೂ ಮೂರು ಪತ್ರ ಬೇಕು. ವಿದ್ಯಾರ್ಥಿ ಶಿಕ್ಷಕರ ಹೆಸರು ಮತ್ತು ಇಮೇಲ್ ಕೊಡುತ್ತಾನೆ, ವಿಶ್ವವಿದ್ಯಾಲಯ ನೇರವಾಗಿ ಅವರಿಗೆ ಒಂದು ಕೊಂಡಿ ಕಳುಹಿಸುತ್ತದೆ, ಅವರು ಅಲ್ಲಿಯೇ ಪತ್ರ ಹಾಕಬೇಕು. ವಿದ್ಯಾರ್ಥಿಯ ಕೈಗೆ ಪತ್ರ ಬರುವುದಿಲ್ಲ. ಲಕೋಟೆಯಲ್ಲಿ ಮೊಹರು ಹಾಕಿಸಿ ತಂದ ಪತ್ರ ಈ ಕಾಲದಲ್ಲಿ ಉಪಯೋಗಕ್ಕೆ ಬಾರದು.

ಊರಿನ ದೊಡ್ಡವರಿಂದ, ಶಾಸಕರಿಂದ, ಟ್ರಸ್ಟಿನ ಅಧ್ಯಕ್ಷರಿಂದ ಪತ್ರ ಕೊಡಿಸುತ್ತೇವೆ ಎಂದು ಹಲವು ತಂದೆಯಂದಿರು ಬರುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಅಹಮದಾಬಾದಿನ ಜೈನ ಮನೆತನದ ವಿಕ್ರಮ್ ಸಾರಾಭಾಯಿ ಕೇಂಬ್ರಿಜ್‌ಗೆ ಹೊರಟಾಗ ರವೀಂದ್ರನಾಥ ಟಾಗೋರರು ಶಿಫಾರಸು ಪತ್ರ ಬರೆದುಕೊಟ್ಟಿದ್ದರು. ಆ ಕಾಲ ಹಾಗಿತ್ತು. ಅದೇ ಕಾಲದಲ್ಲಿ ಉದಯಪುರದ ಜೈನ ಮನೆತನದ ದೌಲತ್ ಸಿಂಗ್ ಕೊಠಾರಿಯವರು ಅಲಹಾಬಾದಿನಲ್ಲಿ ಮೇಘನಾದ ಸಹಾ ಅವರ ಬಳಿ ಓದಿ, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ಗೆ ಹೋಗಿ, ರುದರ್‌ಫರ್ಡರ ಪ್ರಯೋಗಾಲಯದಲ್ಲಿ 1933ರಲ್ಲಿ ಪಿಎಚ್‌ಡಿ ಪಡೆದರು. ಮುಂದೆ 1964ರ ಶಿಕ್ಷಣ ಆಯೋಗದ ಅಧ್ಯಕ್ಷರಾದವರು ಇವರೇ. ಇಂದು ನಡೆಯುವುದು ಕೊಠಾರಿಯವರ ದಾರಿ. ವಿದ್ಯಾರ್ಥಿಯ ಕೆಲಸವನ್ನು ಕಣ್ಣಾರೆ ಕಂಡ ವಿಜ್ಞಾನಿ ಬರೆಯಬೇಕು. ಹುಡುಗಿ ಯಾವ ಪ್ರಯೋಗ ಮಾಡಿದಳು, ಅದು ಕೆಟ್ಟಾಗ ಹೇಗೆ ಸರಿಪಡಿಸಿದಳು, ತಾನಾಗಿ ಯಾವ ಪ್ರಶ್ನೆ ಕೇಳಿದಳು ಎಂದು ಅವರು ಹೇಳಬೇಕು. "ಸನ್ನಡತೆಯ, ಶ್ರಮಜೀವಿ ವಿದ್ಯಾರ್ಥಿನಿ" ಎಂಬ ಪ್ರಾಂಶುಪಾಲರ ಪತ್ರಕ್ಕಿಂತ, ಪ್ರಾಜೆಕ್ಟ್ ಮಾಡಿಸಿದ ಕಿರಿಯ ಅಧ್ಯಾಪಕರ ಪತ್ರಕ್ಕೆ ಬೆಲೆ ಹೆಚ್ಚು.

ನಮ್ಮ ಕಾಲೇಜುಗಳಲ್ಲಿ ಒಂದು ರೂಢಿ ಇದೆ. "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎನ್ನುತ್ತಾರೆ. ಮೂರೂ ಪತ್ರ ಒಂದೇ ಕೈಯ ಬರಹವಾದರೆ ಓದುವವರಿಗೆ ತಿಳಿದುಹೋಗುತ್ತದೆ, ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಅದು ಸುಳ್ಳು ಎಂಬ ಮಾತು ಬೇರೆಯೇ ಇದೆ. ಬದಲಾಗಿ, ತಾನು ಮಾಡಿದ ಕೆಲಸದ ಒಂದು ಪುಟದ ಟಿಪ್ಪಣಿ, ಅಂಕಪಟ್ಟಿ, ವಿಶ್ವವಿದ್ಯಾಲಯಗಳ ಪಟ್ಟಿ, ಕೊನೆಯ ದಿನಾಂಕ, ಇಷ್ಟನ್ನು ಸೆಪ್ಟೆಂಬರಿನಲ್ಲೇ ಗುರುಗಳಿಗೆ ಕೊಟ್ಟು ವಿನಂತಿಸಬೇಕು. ಕೊನೆಯ ವಾರದಲ್ಲಿ ನೆನಪಿಸಬೇಕು, ಇಮೇಲ್ ನೋಡದ ಗುರುಗಳಿದ್ದರೆ ಮನೆಗೇ ಹೋಗಿ ಪಕ್ಕದಲ್ಲಿ ಕುಳಿತು ಕೊಂಡಿ ತೆರೆದುಕೊಡಬೇಕು. ಪತ್ರ ಅವರೇ ಬರೆಯಲಿ.

ಗುರುಗಳು ಬರೆಯಲು ಏನಾದರೂ ಇರಬೇಕಲ್ಲವೇ? ಅದಕ್ಕೆ ಸಂಶೋಧನೆಯ ಅನುಭವ ಬೇಕು, ತಾಲ್ಲೂಕಿನ ಕಾಲೇಜುಗಳಲ್ಲಿ ಅದು ಸಿಗುವುದಿಲ್ಲ. ದಾರಿ ಇದೆ. ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳು ದೊಡ್ಡ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಬಹುದು, ಭತ್ಯೆಯೂ ಇದೆ. ಇವುಗಳಲ್ಲಿ ಒಂದಾದ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲೇ ಸ್ಥಾಪಿಸಿದರು. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆ ಇವೂ ಬೆಂಗಳೂರಿನಲ್ಲೇ ಇದ್ದು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಬಿ.ಎಸ್ಸಿ. ಎರಡನೆಯ ವರ್ಷದಿಂದಲೇ ಪ್ರಯತ್ನಿಸಬೇಕು. ಬೇಸಿಗೆ ರಜೆಯಲ್ಲಿ ಮಕ್ಕಳು ಅಂಗಡಿ ನೋಡಿಕೊಳ್ಳಲಿ ಎಂಬ ನಮ್ಮ ಆಸೆಯನ್ನು ಎರಡು ವರ್ಷ ಬಿಟ್ಟುಕೊಟ್ಟರೆ ಸಾಕು.

ಉದ್ದೇಶ ಪತ್ರ ಮತ್ತು ಹೆಸರಿನ ತೊಂದರೆ

ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂಬ ಒಂದೆರಡು ಪುಟದ ಬರಹವನ್ನು ವಿದ್ಯಾರ್ಥಿಯೇ ಬರೆಯಬೇಕು. ಬಾಲ್ಯದಲ್ಲಿ ನಕ್ಷತ್ರ ನೋಡಿದ ಕಥೆ ಇದರಲ್ಲಿ ಬೇಡ. ಯಾವ ಪ್ರಶ್ನೆಯ ಮೇಲೆ ಕೆಲಸ ಮಾಡಿದೆ, ಏನು ಕಂಡಿತು, ಮುಂದೆ ಏನು ಮಾಡಬೇಕೆಂದಿದೆ, ಈ ವಿಭಾಗದಲ್ಲಿ ಅದನ್ನು ಮಾಡುತ್ತಿರುವವರು ಯಾರು, ಇಷ್ಟೇ. ಹಣ ಕೊಟ್ಟು ಬರೆಸಿದ ಬರಹಗಳು ಎಲ್ಲಾ ಒಂದೇ ರೀತಿ ಇರುತ್ತವೆ. ಎಂಟು ಕಡೆ ಅರ್ಜಿ ಹಾಕಿದರೆ ಕೊನೆಯ ಭಾಗ ಎಂಟು ಬಗೆಯಾಗಿರಬೇಕು. ಒಂದು ವಿಶ್ವವಿದ್ಯಾಲಯದ ಹೆಸರು ಇನ್ನೊಂದರ ಅರ್ಜಿಯಲ್ಲಿ ಉಳಿದುಹೋಗುವುದು ಅಪರೂಪವೇನಲ್ಲ, ಕಳುಹಿಸುವ ಮೊದಲು ಮನೆಯವರೊಬ್ಬರು ಓದಿ ನೋಡಲಿ.

ಅಂಕವನ್ನು ನಾವಾಗಿ ನಾಲ್ಕರ ಅಳತೆಗೆ ಬದಲಾಯಿಸುವುದು ಬೇಡ, ಅರ್ಜಿಯಲ್ಲಿ ಕೇಳಿದ್ದರೆ ಮಾತ್ರ. ಅಂಕಪಟ್ಟಿಯಲ್ಲಿ ಇದ್ದಂತೆಯೇ ಬರೆಯಬೇಕು. ಅರ್ಜಿಗೆ ಸ್ಕ್ಯಾನ್ ಪ್ರತಿ ಸಾಮಾನ್ಯವಾಗಿ ಸಾಕು, ಸೀಟು ಸಿಕ್ಕ ಮೇಲೆ ವಿಶ್ವವಿದ್ಯಾಲಯದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅದು ಕೈಗೆ ಬರಲು ವಾರಗಳು ಹಿಡಿಯುತ್ತವೆ, ಮುಂಚೆಯೇ ಅರ್ಜಿ ಕೊಟ್ಟಿಡಬೇಕು.

ಇದಕ್ಕಿಂತ ದೊಡ್ಡ ತಲೆನೋವು ಹೆಸರು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹೆಗ್ಡೆ, ಬಲ್ಲಾಳ್, ಇಂದ್ರ ಎಂದು, ಬೆಳಗಾವಿ ಕಡೆ ಪಾಟೀಲ, ಮಗದುಮ್ ಎಂದು ಅಡ್ಡಹೆಸರು ಇರುತ್ತದೆ. ಹಾಸನ, ಮೈಸೂರು, ತುಮಕೂರು ಕಡೆಯ ಹಲವರಿಗೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರ ಬಿಟ್ಟರೆ ಬೇರೆ ಏನೂ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಪದವಿಯಲ್ಲಿ ಹಿಂದೆ, ಆಧಾರ್‌ನಲ್ಲಿ ಬಿಡಿಸಿ ಬರೆದದ್ದು, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಹೀಗೆ ಖಾಲಿ ಇದ್ದರೆ ಅಮೆರಿಕಾದ ವೀಸಾದಲ್ಲಿ ಮಗುವಿನ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಎಲ್ಲದರಲ್ಲೂ ಅದು ಹಿಂಬಾಲಿಸುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್‌ನಲ್ಲಿ ಹೆಸರು, ಅಡ್ಡಹೆಸರು ಎರಡೂ ಜಾಗ ತುಂಬಿರುವಂತೆ ಸರಿಪಡಿಸಿಕೊಳ್ಳಬೇಕು. ಪರೀಕ್ಷೆ, ಅರ್ಜಿ, ವೀಸಾ ಎಲ್ಲಕ್ಕೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಬಳಸಬೇಕು.

ಜೀವಶಾಸ್ತ್ರ ಮತ್ತು ಹಿಂಸೆಯ ಪ್ರಶ್ನೆ

ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಮಾತ್ರ ಇಷ್ಟು ಗಟ್ಟಿಯಾಗಿ ಬರುತ್ತದೆ, ಬರಬೇಕಾದದ್ದೂ ಹೌದು. ಬಯಾಲಜಿ ಎಂದರೆ ಕಪ್ಪೆ, ಇಲಿ ಕೊಯ್ಯುವುದು ಎಂದು ಹೇಳಿ ಬುದ್ಧಿವಂತ ಹೆಣ್ಣುಮಕ್ಕಳನ್ನು ಆ ವಿಷಯದಿಂದಲೇ ದೂರವಿಟ್ಟ ಮನೆಗಳನ್ನು ನೋಡಿದ್ದೇನೆ. ನಮ್ಮ ದೇಶದಲ್ಲಿ ಯುಜಿಸಿ 2011ರಲ್ಲಿ ಮಾರ್ಗಸೂಚಿ ಕೊಟ್ಟು, 2014ರಲ್ಲಿ ಪ್ರಾಣಿಶಾಸ್ತ್ರದ ಪದವಿ ಮತ್ತು ಸ್ನಾತಕೋತ್ತರ ಪಾಠಗಳಲ್ಲಿ ಪ್ರಾಣಿಗಳ ಛೇದನ ನಿಲ್ಲಿಸಲು ಸೂಚಿಸಿದೆ. ಆದರೆ ಅದು ಪಾಠಕ್ಕೆ, ಸಂಶೋಧನೆಗೆ ಅಲ್ಲ. ಸಂಶೋಧನೆಯಲ್ಲಿ ಇಲ್ಲಿಯೂ, ಅಲ್ಲಿಯೂ ಪ್ರಾಣಿಗಳ ಮೇಲೆ ಪ್ರಯೋಗ ನಡೆಯುತ್ತದೆ. ಅಮೆರಿಕಾದ ವಿಶ್ವವಿದ್ಯಾಲಯಗಳಲ್ಲಿ ಅಂಥ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕು, ಅಷ್ಟೇ.

ಹಾಗೆಂದು ಜೀವಶಾಸ್ತ್ರವೆಲ್ಲ ಅದೇ ಅಲ್ಲ. ಸಸ್ಯಗಳ ಮೇಲೆ ಮಾತ್ರ ಕೆಲಸ ಮಾಡುವ ಪ್ರಯೋಗಾಲಯಗಳಿವೆ. ಸಾಸಿವೆಯ ಜಾತಿಯ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೇಲೆ ಜಗತ್ತಿನಾದ್ಯಂತ ಸಾವಿರಾರು ಜನ ದುಡಿಯುತ್ತಿದ್ದಾರೆ. ಪ್ರೋಟೀನಿನ ರಚನೆ ನೋಡುವವರು, ಕಂಪ್ಯೂಟರಿನಲ್ಲೇ ವಂಶವಾಹಿಗಳ ಲೆಕ್ಕ ಹಾಕುವವರು, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಬೆಳೆಸುವವರು ಇದ್ದಾರೆ. ಏಕೇಂದ್ರಿಯ ಜೀವಗಳ ವಿಷಯವೇನು ಎಂದು ಹಿರಿಯರು ಕೇಳುತ್ತಾರೆ. ಅದಕ್ಕೆ ಉತ್ತರ ನನ್ನ ಕೆಲಸವಲ್ಲ, ಮುನಿಗಳ ಬಳಿ ಕೇಳಿ ತಿಳಿಯುವುದು, ಮನೆಯವರು ಮತ್ತು ಮಗು ಕುಳಿತು ನಿಶ್ಚಯಿಸುವುದು.

ನಾನು ಹೇಳಬಹುದಾದದ್ದು ವ್ಯವಹಾರದ ಮಾತು. ಅಮೆರಿಕಾದ ಜೀವಶಾಸ್ತ್ರ ವಿಭಾಗಗಳಲ್ಲಿ ಮೊದಲ ವರ್ಷ ಮೂರ್ನಾಲ್ಕು ಪ್ರಯೋಗಾಲಯಗಳಲ್ಲಿ ಸರದಿಯ ಮೇಲೆ ಕೆಲಸ ಮಾಡಿ, ಆಮೇಲೆ ಒಂದನ್ನು ಆರಿಸಿಕೊಳ್ಳುವ ಪದ್ಧತಿ ಬಹಳ ಕಡೆ ಇದೆ. ಇದಕ್ಕೆ ರೊಟೇಶನ್ ಎನ್ನುತ್ತಾರೆ. ಆಯ್ಕೆ ವಿದ್ಯಾರ್ಥಿಯ ಕೈಯಲ್ಲಿದೆ. ಆದ್ದರಿಂದ ವಿಶ್ವವಿದ್ಯಾಲಯದ ಪಟ್ಟಿ ಮಾಡುವಾಗಲೇ, ತನಗೆ ಒಪ್ಪಿತವಾದ ಕೆಲಸ ಮಾಡುವ ಪ್ರಯೋಗಾಲಯಗಳು ಅಲ್ಲಿ ಕನಿಷ್ಠ ಮೂರಾದರೂ ಇವೆಯೇ ಎಂದು ನೋಡಬೇಕು. ಒಂದೇ ಇದ್ದರೆ, ಆ ಪ್ರಾಧ್ಯಾಪಕರು ಆ ವರ್ಷ ಯಾರನ್ನೂ ತೆಗೆದುಕೊಳ್ಳದಿದ್ದರೆ, ಮಗು ಸಿಕ್ಕಿಹಾಕಿಕೊಳ್ಳುತ್ತದೆ. ಜೀವಕೋಶಗಳನ್ನು ಮಾತ್ರ ಬೆಳೆಸುತ್ತೇವೆ, ಪ್ರಾಣಿ ಇಲ್ಲ ಎನ್ನುವ ಪ್ರಯೋಗಾಲಯದಲ್ಲೂ ಒಂದು ವಿಷಯ ಕೇಳಬೇಕು. ಕೋಶ ಬೆಳೆಸುವ ದ್ರವಕ್ಕೆ ಬಹಳ ಕಡೆ ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್ ಹಾಕುತ್ತಾರೆ. ಸೀರಮ್ ಇಲ್ಲದ ದ್ರವಗಳೂ ಇವೆ, ಎಲ್ಲ ಕೋಶಗಳಿಗೂ ಅವು ಹೊಂದುವುದಿಲ್ಲ. ಸೇರಿದ ಎರಡು ವರ್ಷದ ಮೇಲೆ ಇದು ತಿಳಿದು ಮನಸ್ಸು ಕೆಡಿಸಿಕೊಳ್ಳುವುದಕ್ಕಿಂತ ಸಂದರ್ಶನದಲ್ಲೇ ವಿನಯದಿಂದ ಕೇಳುವುದು ಒಳ್ಳೆಯದು. ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಪ್ರಾಣಿಗಳ ಮೇಲೆ ಪ್ರಯೋಗ ಮಾಡಲೊಲ್ಲದವರು ಅಲ್ಲಿಯೂ ಇದ್ದಾರೆ.

ಭೌತಶಾಸ್ತ್ರ, ಗಣಿತ, ಖಗೋಳ, ಭೂವಿಜ್ಞಾನದವರಿಗೆ ಈ ಯೋಚನೆಯೇ ಇಲ್ಲ. ರಸಾಯನಶಾಸ್ತ್ರದಲ್ಲಿ ಔಷಧ ಸಂಶೋಧನೆಯ ಕಡೆ ಹೋಗುವವರು ಮಾತ್ರ ವಿಚಾರಿಸಿಕೊಳ್ಳಲಿ.

ಆಫರ್ ಪತ್ರ ಓದುವುದು

ಸೀಟು ಸಿಕ್ಕಿತು ಎಂದು ಪೇಢೆ ಹಂಚುವ ಮೊದಲು ಆಫರ್ ಪತ್ರವನ್ನು ಕರಾರು ಪತ್ರ ಓದಿದಂತೆ ಓದಬೇಕು. ವೇತನ ಎಷ್ಟು ವರ್ಷಕ್ಕೆ ಖಾತ್ರಿ? ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ಬೇಸಿಗೆಯ ಮೂರು ತಿಂಗಳು ಏನು ಮಾಡಬೇಕು? ಟ್ಯೂಷನ್ ಮನ್ನಾ ಎಂದು ಬರೆದು, ಬೇರೆ "ಫೀಸ್" ಎಂದು ವರ್ಷಕ್ಕೆ ಸಾವಿರ ಡಾಲರ್ ವಸೂಲು ಮಾಡುವ ಕಡೆಗಳಿವೆ. ಆರೋಗ್ಯ ವಿಮೆಯ ಪೂರ್ತಿ ಕಂತು ಅವರೇ ಕಟ್ಟುತ್ತಾರೆಯೇ? ಕ್ಯಾಲಿಫೋರ್ನಿಯಾದಲ್ಲಿ 40 ಸಾವಿರ ಡಾಲರ್ ಕೊಡುವ ಸೀಟಿಗಿಂತ ಬಾಡಿಗೆ ಕಡಿಮೆ ಇರುವ ಒಳನಾಡಿನ ಊರಿನ 30 ಸಾವಿರದ ಸೀಟಿನಲ್ಲಿ ಕೈಯಲ್ಲಿ ಹೆಚ್ಚು ಉಳಿಯಬಹುದು.

ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯವಿದೆ. ಅಮೆರಿಕಾದ ಬಹಳಷ್ಟು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಒಪ್ಪಂದ ಇದು. ವೇತನ ಸಹಿತ ಸೀಟು ಕೊಟ್ಟವರು ಅದಕ್ಕೆ ಮೊದಲು ಉತ್ತರ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಹಾಗೆಯೇ ವೇತನ ಕೊಡುವ ಪಿಎಚ್‌ಡಿ ಸೀಟಿಗೆ ಡೆಪಾಸಿಟ್ ಕಟ್ಟಿಸಿಕೊಳ್ಳುವುದು ವಾಡಿಕೆಯಲ್ಲ. ಯಾರಾದರೂ ಸೀಟು ಹಿಡಿದಿಡಲು ಮುಂಗಡ ಕೇಳಿದರೆ ಎಚ್ಚರಿಕೆ ವಹಿಸಿ.

2025ರಲ್ಲಿ ಅಲ್ಲಿನ ಸರ್ಕಾರ ಸಂಶೋಧನೆಯ ಹಣ ಕಡಿತ ಮಾಡಿದ್ದರಿಂದ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಕಡಿಮೆ ಮಾಡಿದವು, ಕೆಲವು ಕೊಟ್ಟ ಸೀಟನ್ನೂ ಹಿಂದಕ್ಕೆ ಪಡೆದವು. ಆದ್ದರಿಂದ ಒಂದೇ ದೇಶ ನಂಬಿ ಕೂರುವುದು ಜಾಣತನವಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ.ಗೆ ಹೆಚ್ಚಿನ ಕಡೆ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1500 ಯೂರೋ ಇದೆ. ಭಾರತೀಯರಿಗೆ ಎಪಿಎಸ್ ಎಂಬ ಪ್ರಮಾಣಪತ್ರ ಕಡ್ಡಾಯ, ಜೊತೆಗೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಈ ಹಣ ಕಳೆದುಹೋಗುವುದಿಲ್ಲ, ಮಗುವಿಗೇ ತಿಂಗಳು ತಿಂಗಳು ಸಿಗುತ್ತದೆ. ಅಲ್ಲಿ ಪಿಎಚ್‌ಡಿಗೆ ಎಂ.ಎಸ್ಸಿ. ಆಗಿರಬೇಕು, ಸ್ಥಾನಗಳನ್ನು ನೌಕರಿಯಂತೆಯೇ ಜಾಹೀರಾತು ಮಾಡುತ್ತಾರೆ.

ನಮ್ಮ ದೇಶದಲ್ಲೂ ಪಿಎಚ್‌ಡಿಗೆ ಹಣ ಕೊಡುತ್ತಾರೆ ಎಂಬುದು ಅನೇಕರಿಗೆ ತಿಳಿದಿಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37 ಸಾವಿರ, ಎರಡು ವರ್ಷದ ನಂತರ 42 ಸಾವಿರ, ಮನೆ ಬಾಡಿಗೆ ಭತ್ಯೆ ಬೇರೆ. ಬಿ.ಎಸ್ಸಿ. ಮುಗಿಸಿದವರು ಫೆಬ್ರವರಿಯಲ್ಲಿ ನಡೆಯುವ ಜಾಮ್ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ., ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ ಸೇರಬಹುದು. ವಿದೇಶಕ್ಕೆ ಅರ್ಜಿ ಹಾಕುವ ಮಗು ಇವನ್ನೂ ಬರೆಯಲಿ, ಓದುವ ವಿಷಯ ಬಹುಪಾಲು ಅದೇ.

ವೀಸಾ ಮತ್ತು ಹಣದ ನೆರವು

ಒಪ್ಪಿಗೆ ಕೊಟ್ಟ ಮೇಲೆ ವಿಶ್ವವಿದ್ಯಾಲಯ ಐ-20 ಎಂಬ ಪತ್ರ ಕಳುಹಿಸುತ್ತದೆ. ವರ್ಷದ ಖರ್ಚೆಷ್ಟು, ಕೊಡುವವರು ಯಾರು ಎಂದು ಅದರಲ್ಲಿ ಇರುತ್ತದೆ. ಪೂರ್ತಿ ವೇತನ ಇರುವ ಪಿಎಚ್‌ಡಿಯಲ್ಲಿ ಕೊಡುವವರ ಜಾಗದಲ್ಲಿ ವಿಶ್ವವಿದ್ಯಾಲಯದ ಹೆಸರೇ ಇರುವುದರಿಂದ ಮನೆಯ ಆಸ್ತಿಪತ್ರ, ಬ್ಯಾಂಕ್ ಠೇವಣಿಯ ಸರ್ಟಿಫಿಕೇಟ್‌ಗಾಗಿ ಓಡಾಡುವ ಕೆಲಸ ಇರುವುದಿಲ್ಲ. ಆಮೇಲೆ ಸೆವಿಸ್ ಶುಲ್ಕ 350 ಡಾಲರ್, ಎಫ್-1 ವೀಸಾ ಶುಲ್ಕ 185 ಡಾಲರ್, ಎರಡೂ ಸೇರಿ ಸುಮಾರು 48 ಸಾವಿರ ರೂಪಾಯಿ. ಸಂದರ್ಶನದ ದಿನಾಂಕ ಬೇಗ ತುಂಬಿಹೋಗುತ್ತದೆ, ಐ-20 ಬಂದ ಕೂಡಲೇ ಹಿಡಿಯಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿಗಳ ಸಾಮಾಜಿಕ ಜಾಲತಾಣದ ಖಾತೆಗಳು ಎಲ್ಲರಿಗೂ ಕಾಣುವಂತೆ ತೆರೆದಿರಬೇಕು ಎಂಬ ನಿಯಮ ಬಂದಿದೆ, ಅಧಿಕಾರಿಗಳು ನೋಡುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯ ಮಾತು ಬಂದೇ ಬರುತ್ತದೆ. ಮದುವೆಯಾದರೆ ಪತಿ ಅಥವಾ ಪತ್ನಿ ಎಫ್-2 ವೀಸಾದಲ್ಲಿ ಜೊತೆಗೆ ಇರಬಹುದು, ಆದರೆ ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಸಂಬಂಧ ನೋಡುವಾಗಲೇ ಎರಡೂ ಮನೆಯವರು ಇದನ್ನು ತಿಳಿದಿದ್ದರೆ ಮುಂದೆ ಮನಸ್ತಾಪ ಇರುವುದಿಲ್ಲ. ಐದು ವರ್ಷ ತಡವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಸಿಕ್ಕ ಸೀಟು ಬಿಡಿಸುವುದು ನನಗೆ ಸರಿ ಕಾಣುವುದಿಲ್ಲ.

ಜೈನರು 2014ರ ಜನವರಿಯಿಂದ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರು. ಅಮೆರಿಕಾದ ಅರ್ಜಿಗೆ ಇದರಿಂದ ಏನೂ ಆಗುವುದಿಲ್ಲ, ಅಲ್ಲಿ ನಮ್ಮ ಜಾತಿ ಪತ್ರ ಕೇಳುವವರಿಲ್ಲ. ಸ್ವಂತ ಖರ್ಚಿನಲ್ಲಿ ಎಂ.ಎಸ್. ಅಥವಾ ಜರ್ಮನಿಯ ಎಂ.ಎಸ್ಸಿ.ಗೆ ಹೋಗುವವರಿಗೆ ಮಾತ್ರ ಉಪಯೋಗ. ಕೇಂದ್ರದ "ಪಢೋ ಪರದೇಶ್" ಬಡ್ಡಿ ಸಹಾಯ ಯೋಜನೆಯನ್ನು ಇಂದಿಗೂ ಕೇಳುತ್ತಾರೆ, ಅದು 2022-23ರಿಂದ ನಿಂತುಹೋಗಿದೆ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ನೆರವು ಇದೆ. ಆದಾಯ ಮಿತಿ ಮತ್ತು ಮೊತ್ತವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಬೇಕು. ಅಲ್ಪಸಂಖ್ಯಾತ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. 1892ರಿಂದ ನಡೆದು ಬಂದಿರುವ ಜೆ.ಎನ್. ಟಾಟಾ ಎಂಡೋಮೆಂಟ್ ಸಾಲದ ರೂಪದ ವಿದ್ಯಾರ್ಥಿವೇತನ ಕೊಡುತ್ತದೆ, ಅದಕ್ಕೆ ಜಾತಿ ಧರ್ಮದ ಭೇದವಿಲ್ಲ. ಬ್ಯಾಂಕ್ ಸಾಲ ತೆಗೆದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಎಂಟು ವರ್ಷದವರೆಗೆ ಬಡ್ಡಿಗೆ ವಿನಾಯಿತಿ ಇದೆ.

ಪಿಎಚ್‌ಡಿಗೆ ಹೊರಟ ಮಗುವಿನ ಕೈಗೆ ಮನೆಯವರು ಕೊಡಬೇಕಾದದ್ದು ವಿಮಾನದ ಟಿಕೆಟ್ ಮತ್ತು ಮೊದಲ ಎರಡು ತಿಂಗಳ ಖರ್ಚು. ಆಗಸ್ಟ್‌ನಲ್ಲಿ ಹೋದವರಿಗೆ ಮೊದಲ ವೇತನ ಬರುವುದು ಹಲವು ಕಡೆ ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ಬಾಡಿಗೆಯ ಮುಂಗಡ, ಹಾಸಿಗೆ, ಪಾತ್ರೆ ಎಲ್ಲ ಆಗಬೇಕು. ಎರಡೂವರೆ ಮೂರು ಸಾವಿರ ಡಾಲರ್ ಇದ್ದರೆ ನಿರಾಳ. ಅರ್ಜಿ, ಪರೀಕ್ಷೆ, ವೀಸಾ, ಟಿಕೆಟ್ ಎಲ್ಲ ಸೇರಿದರೂ ಒಟ್ಟು ಐದು ಲಕ್ಷದೊಳಗೆ ಮುಗಿಯುತ್ತದೆ. ಒಂದು ಸಣ್ಣ ಕುಕ್ಕರ್, ಸಾಂಬಾರ್ ಪುಡಿ ಹೆಚ್ಚಾಗಿ ಕೊಡಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪುಡಿ ಅಲ್ಲಿ ಹುಡುಕುವುದು ಕಷ್ಟ. ಅಡುಗೆ ಕಲಿಯದ ಗಂಡುಮಕ್ಕಳಿಗೆ ಹೊರಡುವ ಮುಂಚಿನ ಎರಡು ತಿಂಗಳು ಅಮ್ಮಂದಿರು ಕಲಿಸಲಿ. ಉತ್ತರ ಅಮೆರಿಕಾದ ಜೈನ ಸಂಘಗಳ ಒಕ್ಕೂಟ 1981ರಿಂದ ಇದೆ, ದೊಡ್ಡ ಊರುಗಳಲ್ಲಿ ಬಸದಿ ಅಥವಾ ಜೈನ ಕೇಂದ್ರ ಇರುತ್ತದೆ. ಪರ್ಯುಷಣ, ದಶಲಕ್ಷಣ ಪರ್ವ ಬರುವುದು ಪಾಠ ಶುರುವಾಗುವ ದಿನಗಳಲ್ಲೇ ಆದ್ದರಿಂದ ಹೊರಡುವ ಮೊದಲೇ ಹತ್ತಿರದ ಕೇಂದ್ರದ ವಿಳಾಸ ಬರೆದುಕೊಂಡು ಹೋಗಲಿ.